ರೇಟು ನಂಬಿದ ಅಪ್ಪ

ಕ್ಲೇಟನ್ ಕಪೂಲೆ ಜನ್ಮದಲ್ಲಿ ಒಂದು ಗುದ್ದು ತಿಂದವನಲ್ಲ. ಆದರೂ ಯಾರ ದವಡೆ ಗಟ್ಟಿ, ಯಾರದು ಬರೀ ಗಾಜು ಎಂದು ಅವನಷ್ಟು ಗತ್ತಿನಿಂದ ಹೇಳುವವರು ಲಾಸ್ ವೇಗಸ್ಸಿನ ನಮ್ಮ ಹವಾಯಿ ಜನರಲ್ಲಿ ಇನ್ನೊಬ್ಬರಿರಲಿಲ್ಲ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಒಂದು ಮೈಕು, ಬೆನ್ನ ಹಿಂದೆ ಒಂದು ಕರಿ ಪರದೆ. ವಾರಕ್ಕೆರಡು ಸಲ ಅಲ್ಲಿ ಕೂತು, ಬರುವ ಶನಿವಾರ ಗುದ್ದಾಟ, ಕುಸ್ತಿ ಎರಡೂ ನಡೆಯುವ ಪಂದ್ಯದ ಪಂಜರದೊಳಗೆ ಯಾರು ಯಾರನ್ನು ಕೆಡವುತ್ತಾರೆ ಎಂದು ಯೂಟ್ಯೂಬಿನಲ್ಲಿ ಭವಿಷ್ಯ ನುಡಿಯುತ್ತಿದ್ದ. ಕೇಳುವುದಕ್ಕೆ ನಲವತ್ತು ಸಾವಿರ ಜನ. ಅವರೂ ಅಂಥವರೇ. ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಮೂರು ರೌಂಡು ಬಡಿದಾಡಿದ ಹೆಂಗಸಿಗೆ ದಮ್ಮಿಲ್ಲ ಎನ್ನುವವರು.

ಹೇಳಿದ್ದು ನಿಜವಾದರೆ ಅದು ಕ್ಲೇಟನ್ನನ ಕಣ್ಣು. ಸುಳ್ಳಾದರೆ ರೆಫರಿ ಕಳ್ಳ. ಈ ಮನುಷ್ಯನಿಗೆ ನಿಜವಾದ ಭಕ್ತಿ ಎಂದು ಇದ್ದದ್ದು ಒಂದರ ಮೇಲೆ ಮಾತ್ರ, ಬಾಜಿಯ ರೇಟಿನ ಮೇಲೆ. "ಫೈಟರ್ ಸುಳ್ಳು ಹೇಳ್ತಾನೆ, ಕೋಚ್ ಸುಳ್ಳು ಹೇಳ್ತಾನೆ, ರೇಟು ಹೇಳಲ್ಲ. ಒಂದು ಕಡೆ ದುಡ್ಡು ಹರೀತಿದೆ ಅಂದ್ರೆ ಯಾರಿಗೋ ಏನೋ ಗೊತ್ತು ಅಂತಲೇ ಅರ್ಥ," ಎನ್ನುತ್ತಿದ್ದ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದವಳು ಲೆಹುವಾ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಟ್ಟು, ಸಂಜೆ ಜಿಮ್ಮಿನಲ್ಲಿ ಮೈ ಮುರಿದು, ಏಳು ವರ್ಷ ಕಳೆದ ಮೇಲೆ ಅವಳಿಗೊಂದು ದೊಡ್ಡ ಕಾಳಗ ಸಿಕ್ಕಿತ್ತು. ಎದುರಾಳಿ ಮಿನ್ನೆಸೋಟಾದ ಹಾಲ್ವರ್ಸನ್ ಎಂಬವಳು. ಗೆದ್ದರೆ ವರ್ಷದ ಕರಾರು. ಸೋತರೆ ಮತ್ತೆ ಪೆಟ್ಟಿಗೆಗಳು.

ರೇಟು ಹೊರಬಿದ್ದಾಗ ಇಬ್ಬರೂ ಸರಿಸಮ. ಅವತ್ತು ಡೌನ್‌ಟೌನಿನ ಹೋಟೆಲೊಂದರಲ್ಲಿ ಎತ್ತಿನ ಬಾಲದ ಸೂಪು ಕುಡಿಯುತ್ತ ಕ್ಲೇಟನ್ ಮಗಳಿಗೆ ತನ್ನ ಉಪಾಯ ಹೇಳಿದ.

"ಈ ಎರಡು ವಾರ ನಾನು ನಿನ್ನ ಚೆನ್ನಾಗಿ ಬೈತೀನಿ. ಅಪ್ಪನೇ ಬೈತಿದಾನೆ ಅಂದ್ರೆ ಜನ ನಂಬಿ ಅವಳ ಮೇಲೆ ಕಟ್ತಾರೆ. ನಿನ್ನ ರೇಟು ಏರತ್ತೆ, ನೀನು ಗೆದ್ರೆ ಒಂದಕ್ಕೆ ಎರಡು ಮೂರು ಬರತ್ತೆ. ಆಮೇಲೆ ನಾನು ನಿನ್ನ ಮೇಲೆ ಸುರೀತೀನಿ."

"ಫೈಟರ್ ಮನೆಯವರು ಕಟ್ಟೋ ಹಾಗಿಲ್ಲ ಅಪ್ಪ."

"ಗ್ಲೆನ್ ಕೈಲಿ ಕಟ್ಟಿಸ್ತೀನಿ ಬಿಡು." ಗ್ಲೆನ್ ತೊಯಾಮಾ ಎಂದರೆ ಹೊನೊಲುಲುವಿನ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ಗೆಳೆಯ.

ಲೆಹುವಾ ಮೂಳೆ ಚೀಪುತ್ತ ನಕ್ಕಳು. "ಬೈಕೋ, ನನಗೇನೂ ಹೊಸದಲ್ಲ. ಮೂಗಿನ ವಿಷ್ಯ ಮಾತ್ರ ಎತ್ತಬೇಡ."

"ಛೆ, ಅದನ್ನ ಎತ್ತುತೀನಾ?"

"ಕೊನೇಲಿ ಕಟ್ಟೋದು ನನ್ನ ಮೇಲೇ ತಾನೆ?"

"ಮತ್ಯಾರ ಮೇಲೆ ಹುಚ್ಚಿ."

ಹದಿನೇಳನೇ ವಯಸ್ಸಿನಲ್ಲಿ ಅವಳ ಮೂಗು ಮುರಿದಿತ್ತು. ಅಂದಿನಿಂದ ಮೂಗಿನ ಮೇಲೆ ಸರಿಯಾಗಿ ಒಂದು ಬಿದ್ದರೆ ಮುಖ ತಾನಾಗಿ ಎಡಕ್ಕೆ ಹೊರಳುತ್ತಿತ್ತು, ಕೈ ಕೆಳಗಿಳಿಯುತ್ತಿತ್ತು. ಕೋಚಿಗೆ ಮತ್ತು ಮನೆಯವರಿಗೆ ಬಿಟ್ಟು ಇದು ಯಾರಿಗೂ ಗೊತ್ತಿರಲಿಲ್ಲ.

ಮೊದಲ ವಾರ ಕ್ಲೇಟನ್ ಮಗಳನ್ನು ಬಾಯಿಗೆ ಬಂದಂತೆ ಬೈದ. ಕಾಲು ಭಾರ, ಕೈ ನಿಧಾನ, ತಲೆಯಲ್ಲಿ ಏನೂ ಇಲ್ಲ. ರೇಟು ಜಗ್ಗಲಿಲ್ಲ. ಸುಳ್ಳಿಗೆ ಸ್ವಲ್ಪ ನಿಜ ಬೆರೆಸದಿದ್ದರೆ ಹದ ಬರುವುದಿಲ್ಲ ಎಂದುಕೊಂಡವನು ಎರಡನೇ ವಾರ ಮೈಕಿನ ಮುಂದೆ ಮೂಗಿನ ಕಥೆ ಬಿಚ್ಚಿದ, ಯಾವ ಕಡೆಗೆ ತಿರುಗುತ್ತಾಳೆ ಎಂದು ತನ್ನದೇ ಮುಖ ತಿರುಗಿಸಿ ತೋರಿಸಿದ. ಹೆತ್ತವನಲ್ಲದೆ ಇನ್ಯಾರು ಇಷ್ಟು ಚೊಕ್ಕವಾಗಿ ತೋರಿಸಿಯಾರು?

ಮಾರನೆಯ ಬೆಳಿಗ್ಗೆ ಲೆಹುವಾಳ ಫೋನು. "ಎತ್ತಿದೆಯಲ್ಲ ಅಪ್ಪ."

"ರೇಟು ನೋಡಿದ್ಯಾ? ನಿನ್ನ ಮೇಲೆ ನೂರು ಹಾಕಿದ್ರೆ ಈಗ ಇನ್ನೂರು ಲಾಭ."

"ಸರಿ. ಕಟ್ಟು ಹಾಗಾದ್ರೆ," ಎಂದು ಫೋನಿಟ್ಟಳು.

ಅವನು ಕಟ್ಟಲಿಲ್ಲ, ಇನ್ನೂ ಏರಲಿ ಎಂದು ಕಾದ. ಏರಿತು. ಶುಕ್ರವಾರದ ಹೊತ್ತಿಗೆ ನೂರಕ್ಕೆ ಮುನ್ನೂರು. ಆಗ ಅವನಿಗೆ ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು, ಆದದ್ದು ದಿಗಿಲು. ತೂಕ ಹಾಕಿಸಲು ನಿಂತ ಮಗಳ ಕೆನ್ನೆ ಒಳಗೆ ಹೋಗಿತ್ತು. ತೂಕ ಇಳಿಸಲು ನೀರನ್ನೂ ಬಿಟ್ಟಿರುವ ಆ ದಿನ ಯಾವ ಫೈಟರ್‌ನ ಕೆನ್ನೆಯಾದರೂ ಒಳಗೇ ಹೋಗಿರುತ್ತದೆ. ಇವನಿಗೆ ಮಾತ್ರ ಅದರಲ್ಲಿ ಸೋಲು ಕಂಡಿತು. ಬಾಜಿ ಕಟ್ಟೆಯ ಮುಂದೆ ಗ್ಲೆನ್‌ನನ್ನು ತಡೆದು ನಿಲ್ಲಿಸಿದ.

"ಯಾರೋ ದೊಡ್ಡ ಕುಳ ಆ ಕಡೆ ಸುರೀತಿದೆ ಗ್ಲೆನ್."

"ನಿನ್ನ ಮಾತು ಕೇಳಿ ಸುರೀತಿದಾರೆ ಮಾರಾಯ. ನೀನೇ ಹೊಗೆ ಹಾಕಿ ನೀನೇ ಬೆಂಕಿ ಅಂತ ಓಡ್ತೀಯಲ್ಲ."

"ನನ್ನ ಮಾತಿಗೆ ಇಷ್ಟು ಜಗ್ಗಲ್ಲ. ಯಾರಿಗೋ ಏನೋ ಗೊತ್ತು."

"ನಿನ್ನ ಮಗಳ ವಿಷ್ಯ ನಿನಗಿಂತ ಯಾರಿಗಯ್ಯ ಗೊತ್ತು?"

ಕ್ಲೇಟನ್ ತಲೆಯೆತ್ತದೆ ಹೇಳಿದ, "ಹಾಲ್ವರ್ಸನ್ ಮೇಲೆ ಕಟ್ಟು."

"ಎಂಟು ಸಾವಿರಾನೂ?"

"ಪೂರ್ತಿ."

ಗ್ಲೆನ್ ಅವನ ಮುಖವನ್ನೇ ನೋಡಿದ. "ಕಟ್ಟಿ ಬರ್ತೀನಿ. ನಾಳೆ ನಿನ್ನ ಪಕ್ಕ ಮಾತ್ರ ಕೂರಲ್ಲ."

ತಾನೇ ಹಬ್ಬಿಸಿದ ಸುಳ್ಳು ಊರೆಲ್ಲ ಸುತ್ತಿ ತನ್ನ ಬಾಗಿಲಿಗೆ ಬಂದಾಗ ಮಣೆ ಹಾಕಿ ಕೂರಿಸುವ ಮೂರ್ಖರುಂಟು. ಕ್ಲೇಟನ್ ಅದಕ್ಕೆ ಊಟವನ್ನೂ ಬಡಿಸಿದ. ಅವತ್ತು ನಾಚಿಕೆ ಹಾಗಿರಲಿ, ಅವನಿಗೆ ಹೆಮ್ಮೆಯೇ ಆಯಿತು. ರೇಟಿನ ಮುಂದೆ ಮಗಳೆಂಬ ಮೋಹವನ್ನೂ ಬಿಟ್ಟವನು ತಾನು, ಎಂದು.

ಶನಿವಾರ ಮನೆಯವರ ಸಾಲಿನಲ್ಲಿ, ಹೂಹಾರ ಹಿಡಿದ ಲೆಹುವಾಳ ಅತ್ತೆ ಚಿಕ್ಕಮ್ಮಂದಿರ ನಡುವೆ, ಮಗಳ ಹೆಸರು ಬರೆದ ಅಂಗಿ ತೊಟ್ಟು ಕೂತ. ಮೊದಲ ರೌಂಡು ಸಮಸಮ. ಎರಡನೆಯದರಲ್ಲಿ ಹಾಲ್ವರ್ಸನ್ ಮೂಗೊಂದನ್ನೇ ಹುಡುಕತೊಡಗಿದಳು. ಯೂಟ್ಯೂಬು ಮಿನ್ನೆಸೋಟಾದಲ್ಲೂ ಉಂಟಲ್ಲ. ಒಂದು ಬಿತ್ತು, ಇನ್ನೊಂದು ಬಿತ್ತು. ಲೆಹುವಾಳ ಬಾಯಿ ಗದ್ದ ಎಲ್ಲ ರಕ್ತ. ಕೈ ಇಳಿಯಿತು, ಮುಖ ಎಡಕ್ಕೆ ಹೊರಳಿತು.

ಮನೆಯವರ ಸಾಲು ಇದ್ದದ್ದು ಎಡಕ್ಕೇ. ಹೆಂಗಸರೆಲ್ಲ ಬಾಯಿಗೆ ಕೈಯಿಟ್ಟು ಕೂತಿದ್ದರು. ನಿಂತಿದ್ದವನು ಕ್ಲೇಟನ್ ಒಬ್ಬನೇ. ಮುಷ್ಟಿ ಎತ್ತಿ, "ಅದೇ, ಅಲ್ಲೇ, ಮುಗಿಸು" ಎನ್ನುತ್ತಿದ್ದ. ತಾನು ಎದ್ದದ್ದು ತನಗೇ ಗೊತ್ತಾಗಿದ್ದು ಮಗಳ ಕಣ್ಣು ತನ್ನ ಮೇಲೆ ನಿಂತಾಗ.

ಲೆಹುವಾ ಮುಖವನ್ನು ತಿರುಗಿ ನೇರ ಮಾಡಿಕೊಂಡಳು. ಆಮೇಲೂ ಮೂಗಿಗೆ ಬಿದ್ದವು. ಅವಳು ಹೊರಳಲಿಲ್ಲ, ಹೊಡೆತದೊಳಗೇ ನಡೆದು ಹೋದಳು. ಮೂರನೇ ರೌಂಡಿನಲ್ಲಿ ಹಾಲ್ವರ್ಸನ್‌ಳ ಬೆನ್ನೇರಿ ಕತ್ತು ಅದುಮಿದಾಗ ಆಕೆ ನೆಲ ತಟ್ಟಿ ಸೋಲೊಪ್ಪಿದಳು. ಅತ್ತೆಯರು ಕುರ್ಚಿ ಹತ್ತಿ ಕುಣಿದರು, ಕ್ಲೇಟನ್ನನ ಕೈ ಹಿಡಿದು ಅವನನ್ನೂ ಕುಣಿಸಿದರು.

ಮೂಗಿನ ಹೊಡೆತಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿತ್ತು, ಏನೂ ಕಂಡಿರಲಾರದು ಎಂದು ಧೈರ್ಯ ತಂದುಕೊಂಡು ಅವನು ಒಳಕೋಣೆಗೆ ಹೋದ. ಮೂಗಿನ ಎರಡು ಹೊಳ್ಳೆಗೂ ಹತ್ತಿ ತುರುಕಿಕೊಂಡು ಲೆಹುವಾ ಕೂತಿದ್ದಳು. ಕೋಚ್ ಅವಳ ಕೈಪಟ್ಟಿ ಕತ್ತರಿಸುತ್ತಿದ್ದ.

"ನೋಡಿದ್ಯಾ ನಮ್ಮ ಪ್ಲಾನು," ಎಂದು ಕ್ಲೇಟನ್ ತೋಳಗಲಿಸಿದ.

"ಎಷ್ಟು ಬಂತು ಅಪ್ಪ?"

ಇಲ್ಲಿ ಸ್ವಲ್ಪ ತಡವರಿಸಿದ್ದರೂ ಅವನ ಮರ್ಯಾದೆ ಒಂದಿಷ್ಟು ಉಳಿಯುತ್ತಿತ್ತು. "ಇಪ್ಪತ್ನಾಲ್ಕು ಸಾವಿರ," ಎಂದ ಥಟ್ಟನೆ.

ಅವಳು ತಲೆಯಾಡಿಸಿದಳು. ಸಿಟ್ಟೂ ಇಲ್ಲ, ಅಳುವೂ ಇಲ್ಲ. "ಮುಂದಿನ ಸಲಾನೂ ಬಾ. ಪೂರ್ತಿ ದುಡ್ಡು ಈ ಸಲದ ಹಾಗೇ ಎದುರಾಳಿ ಮೇಲೆ ಕಟ್ಟು. ನನಗೆ ಕಾಣೋ ಹಾಗೆ ಮುಂದೆ ಕೂತ್ಕೋ."

"ಎದುರಾಳಿ ಮೇಲೆ ಅಂದ್ರೆ..."

"ನೀನು ಎದ್ದು ನಿಂತಿದ್ದು ನೋಡಿದ್ನಲ್ಲ, ಅದಾದ ಮೇಲೆ ಮೂಗು ನೋಯ್ಲೇ ಇಲ್ಲ," ಎಂದು ಲೆಹುವಾ ಇನ್ನೊಂದು ಕೈಯನ್ನು ಕೋಚ್‌ನ ಮುಂದೆ ಚಾಚಿದಳು.