ಪ್ರಭುಲಿಂಗಪ್ಪನವರ ಮೇಲ್ ವಿಳಾಸ

ಬ್ಯಾಡಗಿಯ ಪ್ರಭುಲಿಂಗಪ್ಪನವರಿಗೆ ಐವತ್ತೈದು ದಾಟಿದ ಮೇಲೆ ಇ-ಮೇಲಿನ ಹುಚ್ಚು ಹಿಡಿಯಿತು. ಹಿಡಿದದ್ದು ಸಣ್ಣ ಹುಚ್ಚಲ್ಲ. ಮೆಣಸಿನಕಾಯಿ ದಲಾಲಿ ಅಂಗಡಿಗೆ ಕಂಪ್ಯೂಟರ್ ತಂದು, ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಜೀಮನಿಂದ ತಮ್ಮ ಹೆಸರಿನಲ್ಲೇ ಒಂದು ಮೇಲ್ ವಿಳಾಸ ಮಾಡಿಸಿಕೊಂಡದ್ದೇ ತಡ, ಕಂಡಕಂಡಲ್ಲಿ ಅದನ್ನು ಬರೆದುಕೊಟ್ಟರು. ಬೀಜದ ಕಂಪನಿಯ ಮಳಿಗೆ, ಹಾವೇರಿಯ ವಸ್ತುಪ್ರದರ್ಶನದ ಲಕ್ಕಿ ಕೂಪನ್, ಕಂಪ್ಯೂಟರಿನಲ್ಲಿ ತಾನೇ ತಾನಾಗಿ ತೆರೆದುಕೊಳ್ಳುವ ಜಾಹೀರಾತು, ಯಾವುದನ್ನೂ ಬಿಡಲಿಲ್ಲ. ಕೇಳಿದವರಿಗೆ ಇಲ್ಲವೆನ್ನುವ ಜಾಯಮಾನವೇ ಅವರದಲ್ಲ, ಏನು ಮಾಡುವುದು!

ಅವರು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅಂಗಡಿ ಈಗ ಮಗಳು ಭುವನಾಳ ಕೈಯಲ್ಲಿತ್ತು. ಸಂಜೆ ಅವಳು ಮೇಲ್ ತೆರೆದಾಗ ತಾಯಿ ಸುಶೀಲವ್ವ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಸುಶೀಲವ್ವನಿಗೆ ಇಂಗ್ಲಿಷ್ ಬಾರದು, ಆದರೂ ಗಂಡನ ಹೆಸರು ಎಲ್ಲಿದೆಯೆಂದು ಕಣ್ಣಿಗೆ ರೂಢಿಯಾಗಿತ್ತು. ಸಾಲ ಕೊಡುವವರು, ಬೋಳುತಲೆಗೆ ಕೂದಲು ಬರಿಸುವವರು, ಪರದೇಶದ ಲಾಟರಿ ಹತ್ತಿದೆ ಎನ್ನುವವರು, ಎಲ್ಲರೂ 'ಪ್ರಿಯ ಪ್ರಭುಲಿಂಗಪ್ಪ' ಎಂದೇ ಶುರುಮಾಡುತ್ತಿದ್ದರು. ಊರಿನಲ್ಲಿ ಆ ಹೆಸರು ಎತ್ತುವವರು ಕಡಿಮೆಯಾಗಿದ್ದರು. ಅಂಗಡಿಯನ್ನು ಕೂಡ ಜನ ಭುವನಾಳ ಅಂಗಡಿ ಎನ್ನತೊಡಗಿದ್ದರು.

"ಎಷ್ಟು ಮಂದಿ ಅವರನ್ನ ಕೇಳಾಕತ್ತಾರ ನೋಡು," ಎನ್ನುತ್ತಿದ್ದಳು ಸುಶೀಲವ್ವ.

"ಅವರು ಮಂದಿ ಅಲ್ಲ ಅವ್ವಾ, ಎಲ್ಲಾ ಕಸ."

"ಹೆಸರು ಹಿಡದು ಕರ್ಯಾವರು ಕಸ ಹೆಂಗಾಗ್ತಾರ?"

ಒಂದು ದಿನ ಮದ್ರಾಸಿನ ಮಸಾಲೆ ವ್ಯಾಪಾರಿ ಫೋನ್ ಮಾಡಿ ಸಿಡುಕಿದ. ಆರ್ಡರ್ ಕಳಿಸಿದರೆ ಮೇಲ್ ಹೋಗುತ್ತಿಲ್ಲ, ನಿಮ್ಮ ಮೇಲ್ ಡಬ್ಬಿ ತುಂಬಿದೆಯಂತೆ, ಬೇರೆ ಅಂಗಡಿಗೆ ಹೇಳಿದ್ದೇನೆ ಎಂದ. ಭುವನಾಳ ಮುಖ ಸಪ್ಪಗಾಯಿತು. ಹೆಣ್ಣುಮಗಳು ಅಂಗಡಿ ನಡೆಸುತ್ತಾಳೆಯೇ ಎಂದು ಪೇಟೆಯಲ್ಲಿ ಆಡಿಕೊಳ್ಳುವವರಿಗೇನು ಕೊರತೆ? ಅವಳು ಹಲ್ಲು ಕಚ್ಚಿ ಕಸವನ್ನೆಲ್ಲ ಅಳಿಸಲು ಕುಳಿತಳು. ಸುಶೀಲವ್ವ ಅವಳ ಕೈ ಹಿಡಿದಳು.

"ತಡಿಯವ್ವಾ. ಇವರಿಗೆ ಸುದ್ದಿ ಮುಟ್ಟಿಲ್ಲ, ಅದಕ್ಕ ದಿನಾ ಕರ್ಯಾಕತ್ತಾರ. ಬೀಗರಿಗೆ ಹೇಳಿದ್ವಿ, ಪ್ಯಾಟ್ಯಾಗ ಹೇಳಿದ್ವಿ, ಇವರಿಗಷ್ಟ ಹೇಳಲಿಲ್ಲ. ತಪ್ಪು ನಮ್ಮದು."

ಸತ್ತ ಸುದ್ದಿಯನ್ನು ಗುರುತಿನವರಿಗೆಲ್ಲ ಮುಟ್ಟಿಸಬೇಕು. ಒಂದು ಮನೆ ಬಿಟ್ಟುಹೋದರೂ 'ನಮಗೊಂದು ಮಾತು ಹೇಳಲಿಲ್ಲ' ಎಂದು ಅವರು ಜೀವಮಾನವಿಡೀ ಮುಖ ತಿರುಗಿಸುತ್ತಾರೆ. ಭುವನಾ ಮೊದಲು ನಕ್ಕಳು. ತಾಯಿಯ ಮುಖ ನೋಡಿ ನಗು ನಿಂತಿತು. ಕೊನೆಗೆ ಅವ್ವ ಹೇಳಿದಂತೆ ಬರೆದಳು: 'ನಮ್ಮ ತಂದೆಯವರು ಲಿಂಗೈಕ್ಯರಾಗಿದ್ದಾರೆ. ಇಷ್ಟು ದಿನ ಅವರನ್ನು ವಿಚಾರಿಸಿದಿರಿ, ನಿಮಗೆ ಶರಣು. ಇನ್ನು ಮುಂದೆ ಮೇಲ್ ಕಳಿಸಬೇಡಿರಿ.' ಸಾಲದವರಿಗೆ, ಲಾಟರಿಯವರಿಗೆ, ಕೂದಲಿನವರಿಗೆ, ಒಬ್ಬರನ್ನೂ ಬಿಡದೆ ಕಳಿಸಿ, ಆಮೇಲೆ ಕಸವನ್ನೆಲ್ಲ ಅಳಿಸಿದಳು.

ಮರುದಿನದಿಂದ ಸುಶೀಲವ್ವ ಕಾಯತೊಡಗಿದಳು. "ಯಾರರೆ ಒಬ್ಬರು 'ಅಯ್ಯೋ' ಅಂದಾರೇನ ನೋಡು," ಎಂದು ಮತ್ತೆ ಮತ್ತೆ ಕೇಳಿದಳು. ಯಾರೂ ಅನ್ನಲಿಲ್ಲ. ಬದಲಿಗೆ ಎಂಟೇ ದಿನದಲ್ಲಿ ಕಸ ಎರಡರಷ್ಟಾಯಿತು. ತಾಯಿಯ ಮುಂದೆ ತೆರೆಯಬಾರದಂಥ ಹೊಲಸೂ ಬರತೊಡಗಿತು, ಅದೂ 'ಪ್ರಿಯ ಪ್ರಭುಲಿಂಗಪ್ಪ' ಎಂದೇ. ಡಬ್ಬಿ ಮತ್ತೆ ತುಂಬಿ, ಇನ್ನೊಬ್ಬ ವ್ಯಾಪಾರಿ ಕೈಬಿಟ್ಟುಹೋದ. ಭುವನಾ ಅಜೀಮನನ್ನು ಕರೆಸಿದಳು.

ಅಜೀಮ ನೋಡಿ ಹಣೆ ಚಚ್ಚಿಕೊಂಡ. "ಉತ್ತರ ಯಾಕ ಕೊಟ್ರಿ? ಆ ಕಡೆ ಓದಾವರು ಯಾರೂ ಇಲ್ರಿ, ಎಲ್ಲಾ ಮಷೀನ್ ಕಳಸತೈತಿ. ಉತ್ತರ ಬಂತಂದ್ರ ಇಲ್ಲಿ ಮನಶ್ಯಾ ಜೀವಂತ ಅದಾನ ಅಂತ ಲೆಕ್ಕ. ಆ ವಿಳಾಸ ಮತ್ತ ಹತ್ತು ಮಂದಿಗೆ ಮಾರ್ತಾರ."

"ಸತ್ತಾರ ಅಂತ ಬರದ್ರ, ಅದಾರ ಅಂತ ಆ ಮಷೀನು ತಿಳಕೊಂತೇನೋ ತಮ್ಮಾ?" ಸುಶೀಲವ್ವ ಕೇಳಿದಳು.

"ಹೌದ್ರಿ ಅವ್ವಾರ."

ಆ ಗಳಿಗೆಯಲ್ಲಿ ಅವಳಿಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು! ಯಾವುದೋ ಮಷೀನಿನ ಲೆಕ್ಕದಲ್ಲಾದರೂ ಅವರು ಇದ್ದಾರಲ್ಲ ಎಂದು ಎದೆ ತುಂಬಿ ಬಂತು. ಆಮೇಲೆ ಮಗಳ ಕಡೆ ನೋಡಿದಳು. ಈ ಒಂದು ವರ್ಷದಲ್ಲಿ ಹುಡುಗಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಇಲ್ಲದವರ ಹೆಸರು ಉಳಿಸಲು ಹೋಗಿ ಇದ್ದವಳನ್ನು ಗೋಳು ಹೊಯ್ದುಕೊಂಡೆನಲ್ಲ ಎಂದುಕೊಂಡಳು.

ಅಜೀಮ ಹೇಳಿದ ದಾರಿ ಒಂದೇ. ಅಂಗಡಿಯ ಹೆಸರಿನಲ್ಲಿ ಹೊಸ ವಿಳಾಸ ಮಾಡಿ ವ್ಯಾಪಾರಿಗಳಿಗಷ್ಟೇ ಕೊಡುವುದು, ಕೂಪನ್ನಿಗೆ, ಜಾಹೀರಾತಿಗೆಲ್ಲ ಕೊಡದಿರುವುದು, ಹಳೆಯದನ್ನು ಮುಚ್ಚಿಬಿಡುವುದು. ಭುವನಾ ತಾಯಿಯ ಮುಖ ನೋಡಿದಳು. "ಮುಚ್ಚವ್ವಾ," ಎಂದಳು ಸುಶೀಲವ್ವ.

ವ್ಯಾಪಾರಿಗಳಿಗೆಲ್ಲ ಹೊಸ ವಿಳಾಸ ತಿಳಿಸಿದ ಮೇಲೆ ಅಜೀಮ ಮತ್ತೆ ಬಂದ. ಖಂಡಿತ ಮುಚ್ಚಬೇಕೇ ಎಂದು ಕಂಪ್ಯೂಟರ್ ಕೇಳಿತು. ಅಷ್ಟರಲ್ಲಿ ಸುಶೀಲವ್ವ ಬಾಯಿ ತೆರೆದಳು.

"ಇನ್ನ ಮ್ಯಾಲೆ ಯಾರರೆ ಅವರಿಗೆ ಬರದ್ರ ಏನಾಗತೈತಿ ತಮ್ಮಾ?"

"ವಾಪಸ್ ಹೋಗತೈತ್ರಿ. ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಹೇಳತೈತಿ."

ಸುಶೀಲವ್ವ ಕಂಪ್ಯೂಟರಿನ ಕಡೆ ಕೈ ತೋರಿಸಿದಳು. "ಯಾರೂ ಇಲ್ಲ ಅನ್ನಬ್ಯಾಡ ಅಂತ ಹೇಳೋ ಅದಕ್ಕ. ಇದ್ರು, ಈಗ ಹೋದ್ರು ಅನ್ನಲಿ. ಇಲ್ಲೇ ಇದ್ರಲ್ಲೋ ಅಜೀಮ, ಇದ ಗಾದಿ ಮ್ಯಾಲ ಕುಂತಿದ್ರು, ನೀನೂ ನೋಡೀಯಲ್ಲ!"

ಅಜೀಮನ ಕಣ್ಣಲ್ಲಿ ನೀರು ಬಂತು. "ಅದಕ್ಕ ಅಷ್ಟು ಮಾತು ಬರಂಗಿಲ್ರಿ ಅವ್ವಾರ," ಎಂದ.

ಸುಶೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. "ಒತ್ತವ್ವಾ," ಎಂದಳು. ಭುವನಾ ಒತ್ತಿದಳು.