ಎಡಗೈ ರುಜು

ನನ್ನ ಗಂಡನ ಬಲಗೈಗೆ ಮಚ್ಚು ಬೀಸಿದ ಪರಮೇಶ ಮೂರೇ ತಿಂಗಳಿಗೆ ಜಾಮೀನು ತಗೊಂಡು ಊರಿಗೆ ಬಂದ. ಏಟು ತಿಂದ ನನ್ನ ಗಂಡನ ನಡತೆ ಹೇಗಿದೆ ಅಂತ ಸರ್ಕಾರ ವಿಚಾರಿಸತೊಡಗಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಇವರಿಗೆ, ಅಂದರೆ ಶಶಿಕಿರಣ್‌ಗೆ, ಸಾಲಗಾಮೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿ ಸುತ್ತುತ್ತಿದ್ದ ಬೆರಳುಗಳು ಈಗ ಮಡಚುವುದಿಲ್ಲ. ಇನ್ನೊಂದು ಆಪರೇಷನ್ ಆದರೆ ಮಡಚಬಹುದು, ತಡವಾದರೆ ಆಸೆ ಬಿಡಿ ಅಂದರು ಹಾಸನದ ಡಾಕ್ಟರು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ; ಇಂಥ ಏಟು ತಿಂದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಅಂತ ತಿಳಿದು ಅರ್ಜಿ ಹಾಕಿದೆವು. ಆ ಅರ್ಜಿಗೆಂದೇ ಇವರು ಮಗಳ ಕಾಪಿಪುಸ್ತಕದಲ್ಲಿ ವಾರವಿಡೀ ಎಡಗೈ ರುಜು ತಿದ್ದಿದ್ದರು.

ವಿಚಾರಣೆಗೆ ಬಂದ ಪೇದೆ ಅನಿಲ್‌ಕುಮಾರ್ ಒಳ್ಳೆಯವನೇ. ಆದರೆ ಅವನು ಕೇಳಿದ್ದು ಟೀ ಅಂಗಡಿಯಲ್ಲಿ. ಅಲ್ಲಿ ಬೆಂಚಿನ ಮೇಲೆ ಪರಮೇಶನೇ ಕೂತಿದ್ದ. ನಮ್ಮ ಮದುವೆಯಲ್ಲಿ ಎರಡೆರಡು ಸಲ ಪಾಯಸ ಹಾಕಿಸಿಕೊಂಡವರೆಲ್ಲ "ನಮಗ್ಯಾಕೆ ಸಾ" ಅಂದು ಲೋಟ ನೋಡಿಕೊಂಡರಂತೆ.

ಆಮೇಲೆ ಅನಿಲ್‌ಕುಮಾರ್ ಮನೆಗೆ ಬಂದು ಒಂದು ಜೆರಾಕ್ಸ್ ತೋರಿಸಿದ.

"ಅಕ್ಕಾ, ಇದು ಸ್ಟೇಷನ್ನಾಗೆ ಇತ್ತು. ನಾನೇ ಮೊದ್ಲು ಕೈ ಎತ್ತುದ್ದು, ಇನ್ಮುಂದೆ ಗಲಾಟೆ ಮಾಡಾಕಿಲ್ಲ ಅಂತ ನಿಮ್ಮೆಜಮಾನ್ರು ಬರ್ಕೊಟ್ಟವ್ರೆ. ಜಗಳಗಂಟ ಅಂತ ವರದಿ ಆದ್ರೆ ಪರಿಹಾರ ಕಮ್ಮಿ ಮಾಡ್ತಾರೆ, ಇಲ್ಲಾ ಕೊಡಾದೇ ಇಲ್ಲ."

ಅದು ಎರಡು ವರ್ಷದ ಹಿಂದಿನ ಮುಚ್ಚಳಿಕೆ. ಹೊಲದ ದಾರಿಯ ವಿಷಯಕ್ಕೆ ಪರಮೇಶ ಆಗಲೂ ಇವರನ್ನು ಹೊಡೆದಿದ್ದ; ಇವರು ಬೆರಳೂ ಎತ್ತಿರಲಿಲ್ಲ. ಆದರೆ ನಮ್ಮ ಕಡೆ ರಾಜಿ ಅಂದರೆ ಹೊಡೆದವನೂ ತಪ್ಪೊಪ್ಪಬೇಕು, ಹೊಡೆಸಿಕೊಂಡವನೂ ತಪ್ಪೊಪ್ಪಬೇಕು. ಆಗ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮಾವ ದೊಡ್ಡಯ್ಯನವರು "ಸೋತು ಗೆಲ್ಲು ಮಗಾ" ಅಂದರು. ಇವರು ಒಲ್ಲೆ ಅಂತ ಕೂತಾಗ, ಗೌರಿ ಹಬ್ಬದ ಹೊತ್ತಿಗೆ ಸ್ಟೇಷನ್ ಅಲೆದಾಟ ಬೇಡ ಅಂತ ಪೆನ್ನು ತಂದು ಕೈಗಿಟ್ಟವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಸಾಕ್ಷಿ ಹಾಕ್ದೋರು ಬಂದು ಇದು ಸುಳ್ಳು ಅಂತ ಹೇಳ್ಲಿ, ಬರ್ಕೊತೀನಿ" ಅಂದ ಅನಿಲ್‌ಕುಮಾರ್. ಸಾಕ್ಷಿ ರುಜು ಮಾವನದೇ. ಬೆಳಗಾದರೆ ಸ್ಟೇಷನ್ನಿಗೆ ಬಂದು ಹೇಳುತ್ತೇನೆ ಅಂದರು.

ಸಂಜೆಯೇ ಪರಮೇಶ ಬಂದ. ಚಪ್ಪಲಿ ಹೊರಗೆ ಬಿಟ್ಟು, ಮಾವನ ಕಾಲು ಮುಟ್ಟಿ, ನಡುಮನೆಯಲ್ಲಿ ಇವರ ಎದುರಿಗೇ ಕೂತ. ಹೊಸ ಮುಚ್ಚಳಿಕೆ ಬರೆಸಿಕೊಂಡೇ ಬಂದಿದ್ದ. ಜಗಳ ತೆಗೆದದ್ದು ಇವರೇ, ಮಚ್ಚು ತಂದದ್ದೂ ಇವರೇ, ಎಳೆದಾಟದಲ್ಲಿ ಏಟು ಬಿತ್ತು ಅಂತ ಅದರಲ್ಲಿತ್ತು. ಇದಕ್ಕೆ ರುಜು ಬಿದ್ದರೆ ಪರಿಹಾರವೂ ಹೋಯಿತು, ಕೈಯೂ ಹೋಯಿತು.

"ಕೇಸು ಗೀಸು ಅಂತ ಅಲೀಬ್ಯಾಡಿ ದೊಡ್ಡಪ್ಪ. ಒಂದೇ ಊರಾಗೆ ಬಾಳೋರು ನಾವು" ಅಂದ.

"ಅವನ ಕೈ ಆಡಾಕಿಲ್ಲ ಕಣಪ್ಪ" ಅಂದರು ಮಾವ.

"ಎಡಗೈ ಐತಲ್ಲ ಇನ್ನೂ." ಪರಮೇಶ ಪಕ್ಕದಲ್ಲಿದ್ದ ಕಾಪಿಪುಸ್ತಕ ತಿರುವಿದ. "ಮುದ್ದಾಗಿ ತಿದ್ದವ್ನೆ."

ಮಾವ ನನ್ನ ಮುಖ ನೋಡಲಿಲ್ಲ. "ಸೋತು ಗೆಲ್ಲು ಮಗಾ" ಅಂದರು. "ಪ್ರೇಮಾ, ಪೆನ್ನು ತಾರವ್ವ."

ನಾನು ಕದಲಲಿಲ್ಲ. ಈ ಸಲ ಸತ್ತರೂ ತರುವುದಿಲ್ಲ ಅಂತ ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಇರ್ಲಿ ಬುಡಿ ಅತ್ಗೆ" ಅಂದ ಪರಮೇಶ, ತನ್ನ ಜೇಬಿನ ಪೆನ್ನು ತೆಗೆದು ಕ್ಯಾಪು ಬಿಚ್ಚಿದ.

ನನ್ನ ಗಂಡ ನನ್ನನ್ನೊಮ್ಮೆ ನೋಡಿ ಪೆನ್ನಿಗೆ ಎಡಗೈ ಚಾಚಿದರು.