ಹಾಲ ಎಂದು ಅತ್ತ ಕೂಸು

ಡಬ್ಬಿಯ ಪುಡಿ ಹಾಲು ಇನ್ನು ಸಾಕು ಎಂದು ಮಿರಜದ ಮಕ್ಕಳ ಡಾಕ್ಟರು ಹೇಳಿದಾಗ ಛಾಯಾಳಿಗೆ ಮೊದಲು ಬಂದದ್ದು ಸಿಟ್ಟು. ಅವಳ ಮಗಳು ಋತುಜಾಳಿಗೆ ಆಗ ಒಂದೂವರೆ ವರ್ಷ. ಕೂಸಿನ ತೂಕ ಏರಿಲ್ಲ, ಬಾಟಲಿ ಬಿಡಿಸಿ, ಮನೆಯ ಊಟ ಮಾಡಿಸಿ, ಬಟ್ಟಲಿನಲ್ಲಿ ಆಕಳ ಹಾಲು ಕುಡಿಸಿ, ಮುಂದಿನ ತಿಂಗಳು ಮತ್ತೆ ತೂಗಿ ನೋಡೋಣ ಎಂದು ಡಾಕ್ಟರು ಸಲೀಸಾಗಿ ಹೇಳಿಬಿಟ್ಟರು. ಆ ಡಬ್ಬಿಯನ್ನು ಛಾಯಾ ಮನೆಯ ಶೋಕೇಸಿನಲ್ಲಿ, ಬಣ್ಣದ ಟಿವಿಯ ಪಕ್ಕದಲ್ಲೇ ಇಟ್ಟಿದ್ದಳು. ಅಡುಗೆಮನೆಯ ಸಾಮಾನಿಗೆ ಅಲ್ಲೇನು ಕೆಲಸ ಎಂದು ಗಂಡ ವಿಠ್ಠಲ ಒಮ್ಮೆ ಕೇಳಿದ್ದಕ್ಕೆ, ನಿಮಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಬಾಯಿ ಮುಚ್ಚಿಸಿದ್ದಳು.

ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯಲ್ಲಿ ಆಗ ಕಬ್ಬಿನ ಹೊಲಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿದ್ದವು. ಅಂಥದೊಂದರ ಮೊದಲ ಮಹಡಿಯಲ್ಲಿ ಇವರ ಸಂಸಾರ. ವಿಠ್ಠಲ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಛಾಯಾ ಹೊಸದಾಗಿ ತೆರೆದ ಇಂಗ್ಲಿಷ್ ನರ್ಸರಿಯಲ್ಲಿ ಟೀಚರ್. ಕಟ್ಟಡದಲ್ಲಿ ಎಲ್ಲರದೂ ಮರಾಠಿ, ಇವರದೂ ಮರಾಠಿಯೇ ಎಂದು ಎಲ್ಲರೂ ತಿಳಿದಿದ್ದರು. ತಿಳಿದಿದ್ದರು ಎನ್ನುವುದಕ್ಕಿಂತ ಛಾಯಾ ಹಾಗೆ ತಿಳಿಸಿದ್ದಳು. ಅವಳ ತವರು ಮಾಧವನಗರದ ಗಿರಣಿ ಕೆಲಸಗಾರರ ಸಾಲುಮನೆ, ಚಾಳು. ಅಲ್ಲಿ ಅಪ್ಪ ಅವ್ವ ಜಗಳವಾಡಿದ್ದು, ಅವಳಿಗೆ ಜೋಗುಳ ಹಾಡಿದ್ದು ಎಲ್ಲ ಕನ್ನಡದಲ್ಲೇ. ಒಮ್ಮೆ ತರಕಾರಿ ಮಾರುವವನೊಬ್ಬನ ಕನ್ನಡ ಬೆರೆತ ಮರಾಠಿ ಕೇಳಿ ಕಟ್ಟಡದ ಹೆಂಗಸರು "ಕಾನಡೀ ಅಪ್ಪಾ" ಎಂದು ನಕ್ಕಾಗ, ಎಲ್ಲರಿಗಿಂತ ಜೋರಾಗಿ ನಕ್ಕವಳು ಛಾಯಾ. ಆಮೇಲೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಹರಿಪುರದ ಗೌಳಿಯ ಕಡೆಯಿಂದ ಆಕಳ ಹಾಲು ಗೊತ್ತು ಮಾಡಿದ್ದಾಯಿತು. ಕೂಸು ಮೂಸಿಯೂ ನೋಡಲಿಲ್ಲ. ಸಕ್ಕರೆ ಹಾಕಿದರೆ ಉಗುಳಿತು, ಏಲಕ್ಕಿ ಹಾಕಿದರೆ ಬಟ್ಟಲನ್ನೇ ತಳ್ಳಿತು. ಮೂಗು ಹಿಡಿದು ಕುಡಿಸಲು ಹೋಗಿ ಛಾಯಾಳ ಸೀರೆಯೆಲ್ಲ ಹಾಲಾಯಿತು. ಶೋಕೇಸಿನ ಕಡೆ ಕೈ ತೋರಿಸಿ ಕೂಸು ಅಳುವುದು, ಅದನ್ನು ನೋಡಿ ತಾಯಿ ಅಳುವುದು, ಹೀಗೆ ಒಂದು ವಾರ ನಡೆದ ಮೇಲೆ ವಿಠ್ಠಲ ಯಾರನ್ನೂ ಕೇಳದೆ ಬಸ್ಸು ಹತ್ತಿ ಜತ್ತದ ಕಡೆಯ ತನ್ನ ಹಳ್ಳಿಗೆ ಹೋಗಿ ತಾಯಿ ಬೀರವ್ವನನ್ನು ಕರೆತಂದ.

ಬೀರವ್ವ ಕುರಿ ಕಾಯುವ ಮನೆತನದವಳು. ಕೈ ತುಂಬ ಹಚ್ಚೆ, ಮೂಗಿನಲ್ಲಿ ದೊಡ್ಡ ನತ್ತು, ಮೊಣಕಾಲ ಕೆಳಗೇ ನಿಲ್ಲುವ ಇಳಕಲ್ ಸೀರೆ. ಬಂದ ದಿನವೇ ಛಾಯಾ ಬಾಗಿಲು ಹಾಕಿ ಹೇಳಿದಳು:

"ಅತ್ತಿ, ಹೊರಗ ಯಾರ ಕೂಡಾನೂ ಮಾತಾಡಬ್ಯಾಡ್ರಿ. ಇಲ್ಲೆ ಎಲ್ಲಾ ಮರಾಠಿ ಮಂದಿ."

"ನನಗ ಮರಾಠಿ ತಿಳೀತೈತೆಲ್ಲವ್ವಾ. ಜತ್ತ ಸಂತ್ಯಾಗ ಉಣ್ಣಿ ಮಾರೂದು ಯಾವ ಮಾತಿನ್ಯಾಗ ಅಂದಿ?"

"ನೀವು ಆಡೂ ಮರಾಠಿ ಕೇಳಿದ್ರ ಗೊತ್ತಾಗ್ತದ್ರಿ."

"ಏನ ಗೊತ್ತಾಗ್ತೈತಿ?"

ಛಾಯಾ ಎದ್ದು ಹೋಗಿ ಟಿವಿ ಹಚ್ಚಿದಳು. ಮುದುಕಿ ಅದನ್ನು ಕೆದಕಲಿಲ್ಲ. ಅಂದಿನಿಂದ ಮೆಟ್ಟಿಲ ಮೇಲೆ ಯಾರಾದರೂ ಮಾತನಾಡಿಸಿದರೆ ಬೀರವ್ವ ತುಟಿ ಬಿಗಿಹಿಡಿದು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಮನೆಯೊಳಗೆ ತಾಯಿ ಮಗ ನಾಲ್ಕು ಮಾತು ಆಡಿದರೂ ಛಾಯಾ ಟಿವಿಯ ಸದ್ದು ಏರಿಸುತ್ತಿದ್ದಳು. ಹಾಗಾಗಿ ಅವರ ಮನೆಯಲ್ಲಿ ಕ್ರಿಕೆಟ್ಟಿನ ಹುಚ್ಚು ಬಹಳ ಎಂದೇ ಕಟ್ಟಡದವರು ನಂಬಿದ್ದರು.

ಕೂಸಿಗೆ ಹಾಲು ಕುಡಿಸಲು ಬೀರವ್ವ ಏನೂ ಮಾಡಲಿಲ್ಲ. ಮೊಮ್ಮಗಳ ಎದುರು ಕಾಲು ಚಾಚಿ ಕುಳಿತು ಬಟ್ಟಲ ಹಾಲನ್ನು ತಾನೇ ಸೊರ್ ಎಂದು ಕುಡಿದಳು. "ಹಾಲ! ಅಹಹಾ, ಹಾಲ! ನಿನಗ ಕೊಡಂಗಿಲ್ಲ, ಹೋಗ." ಒಂದೆರಡು ದಿನ ಕೂಸು ದೂರದಿಂದ ನೋಡಿತು. ಆಮೇಲೆ ತೆವಳಿಕೊಂಡು ಬಂದು ಬಟ್ಟಲಿಗೆ ಕೈ ಹಾಕಿತು. ಕೊಡಂಗಿಲ್ಲ ಎಂದಷ್ಟೂ ಅದಕ್ಕೆ ಹಟ. ಕೊನೆಗೆ ಬಟ್ಟಲು ಖಾಲಿಯಾಗುವವರೆಗೂ ಬಿಡದಂತಾಯಿತು. ಅಜ್ಜಿಯ ಬಾಯಲ್ಲಿ ಋತುಜಾ ಎಂಬ ಕೂಸು ರುತ್ತವ್ವನಾಯಿತು, ರೊಟ್ಟಿಯ ಚೂರು ತಿಂದಿತು, ಕೆನ್ನೆ ತುಂಬಿಕೊಂಡಿತು. ಛಾಯಾಳಿಗೆ ಸಂತೋಷವಾಯಿತು, ಹಾಗೆಯೇ ಒಳಗೊಳಗೆ ಹೊಟ್ಟೆಯೂ ಉರಿಯಿತು. ಒಂದು ದಿನ ಕೂಸು ಮೊದಲ ಬಾರಿ ಒಂದು ಮಾತನ್ನು ಸ್ಪಷ್ಟವಾಗಿ ಆಡಿತು. ಅದು ಮಮ್ಮಿ ಅಲ್ಲ, ಆಯಿ ಅಲ್ಲ. "ಹಾಲ."

ಗೌಳಿ ಬರುತ್ತಿದ್ದುದು ಛಾಯಾ ನರ್ಸರಿಗೆ ಹೋದ ಮೇಲೆ. ಹಾಲು ಕಾಯಬೇಕು, ಕಾದದ್ದು ಆರಬೇಕು. ಬೀರವ್ವ ಅಡುಗೆಮನೆಯ ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರೆ ಕೂಸು ಅವಳ ಕಾಲು ತಬ್ಬಿ ಕಟ್ಟಡವೇ ಎದ್ದು ಕೂರುವಂತೆ ಅರಚುತ್ತಿತ್ತು: "ಹಾಲ! ಹಾಲ!"

ಈ ಕೂಗು ಕೆಳಮನೆಯ ಕಾಕೂಗೆ ಕೇಳಿಸುತ್ತಿತ್ತು. ಕಾಕೂ ನಿವೃತ್ತ ಶಿಕ್ಷಕಿ, ಮರಾಠಿಯವರು. ಕೆಟ್ಟವರೇನಲ್ಲ. ಮಕ್ಕಳು ಅತ್ತರೆ ಅವರಿಗೆ ನಿಜವಾಗಿ ಕರುಳು ಚುರುಕ್ ಎನ್ನುತ್ತಿತ್ತು. ಮರಾಠಿಯಲ್ಲಿ ಹಾಲ ಎಂದರೆ ಗೋಳು, ಹಿಂಸೆ.

ಒಂದು ಸಂಜೆ ಹೆಂಗಸರೆಲ್ಲ ಕೆಳಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಛಾಯಾಳೂ ಅಲ್ಲಿದ್ದಳು. ಬೀರವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಸ್ವಲ್ಪ ದೂರದಲ್ಲಿ ಗೇಟಿನ ಬಳಿ ನಿಂತಿದ್ದಳು. ಕಾಕೂ ದನಿ ತಗ್ಗಿಸಿ, ಆದರೂ ಎಲ್ಲರಿಗೂ ಕೇಳುವ ಹಾಗೆ, ಮರಾಠಿಯಲ್ಲಿ ಹೇಳಿದರು:

"ಅಗಂ ಛಾಯಾ, ಹೇಳಬೇಕೋ ಬೇಡವೋ ಅಂತ ಯೋಚಿಸ್ತಾ ಇದ್ದೆ. ನೀನು ಆಚೆ ಹೋದೆ ಅಂದರೆ ಪೋರಿ ಒಂದೇ ಸಮನೆ ಅಳ್ತಾಳೆ. ಬರೀ ಅಳೋದಲ್ಲ, ಹಾಲ ಹಾಲ ಅಂತಾಳೆ. ಇಷ್ಟು ಪುಟ್ಟ ಕೂಸಿನ ಬಾಯಲ್ಲಿ ಅಂಥ ಮಾತು ಎಲ್ಲಿಂದ ಬರಬೇಕು ಹೇಳು? ನಿನ್ನ ಹಾಲ ಮಾಡ್ತೀನಿ ಅಂತ ಯಾರೋ ದಿನಾ ಹೆದರಿಸ್ತಿರಬೇಕು. ನಿನ್ನ ಅತ್ತೆ ಒಬ್ಬರ ಕೂಡ ನಗೋದಿಲ್ಲ, ಮಾತಿಲ್ಲ. ನನಗೆ ಯಾಕೋ ಭಯ."

ಹೆಂಗಸರೆಲ್ಲ ಗೇಟಿನ ಕಡೆ ತಿರುಗಿದರು. ಎರಡನೆಯ ಮಹಡಿಯ ಸಂಪದಾ ಮಾತ್ರ ತಿರುಗಲಿಲ್ಲ. ಸಂಪದಾ ಜೈನರವಳು. ಅವಳು ತನ್ನ ಮಗ ನೀಲೇಶನನ್ನು ಬಾಗಿಲ ಹಿಂದೆ ಬೈಯುವುದು ಯಾವ ಭಾಷೆಯಲ್ಲಿ ಎಂಬುದು ಛಾಯಾಳಿಗೆ ಗೊತ್ತಿತ್ತು. ಛಾಯಾ ಅವಳ ಮುಖ ನೋಡಿದಳು. ಸಂಪದಾ ತನ್ನ ಸೆರಗಿನ ಅಂಚನ್ನೇ ಪರೀಕ್ಷೆ ಮಾಡತೊಡಗಿದಳು.

ಹೇಳಬೇಕಾಗಿದ್ದದ್ದು ಒಂದು ಸಣ್ಣ ಮಾತು. ನಮ್ಮ ಮಾತಿನಲ್ಲಿ ಹಾಲ ಎಂದರೆ ದೂಧ, ಕಾಕೂ. ಅಷ್ಟೇ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಬಹುಶಃ ಕಾಕೂ ತಾವೇ ಹೋಗಿ ಮುದುಕಿಯ ಕೈ ಹಿಡಿಯುತ್ತಿದ್ದರು. ಛಾಯಾ ಬಾಯಿ ತೆರೆದದ್ದೂ ನಿಜ. ಆದರೆ 'ನಮ್ಮ ಮಾತು' ಎನ್ನಬೇಕೆನ್ನುವಷ್ಟರಲ್ಲಿ ತರಕಾರಿಯವನ ಮೇಲೆ ತಾನು ನಕ್ಕ ನಗೆ ತನ್ನ ಕಿವಿಗೇ ಕೇಳಿಸಿತು.

"ನನಗೂ ಅನುಮಾನ ಇತ್ತು ಕಾಕೂ," ಎಂದಳು ಶುದ್ಧ ಮರಾಠಿಯಲ್ಲಿ. "ಹಳ್ಳಿಯ ಹೆಂಗಸು, ತಿಳಿವಳಿಕೆ ಇಲ್ಲ. ಭಾನುವಾರ ಊರಿಗೆ ಕಳಿಸಿಬಿಡ್ತೀನಿ."

ಹೇಳಿ ಮುಗಿಸಿದ ಮೇಲೆ ಗೇಟಿನ ಕಡೆ ನೋಡಿದಳು. ಬೀರವ್ವ ಕೂಸಿನ ತಲೆಯ ಮೇಲೆ ಸೆರಗು ಎಳೆದು ಮೆಟ್ಟಿಲು ಹತ್ತುತ್ತಿದ್ದಳು. ಜತ್ತದ ಸಂತೆಯಲ್ಲಿ ಉಣ್ಣೆ ಮಾರುವ ಹೆಂಗಸಿಗೆ ಅಷ್ಟು ಮರಾಠಿ ತಿಳಿಯದೆ ಇರುತ್ತದೆಯೇ?

ಅತ್ತೆ ಬೈಯಲಿ, ಗಂಡನಿಗೆ ಹೇಳಿ ರಂಪ ಮಾಡಲಿ ಎಂದು ಛಾಯಾ ಕಾದಳು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಬೀರವ್ವ ತಾಟಿಗೆ ಬಿಸಿ ರೊಟ್ಟಿ ಹಾಕಿ, "ಉಣ್ಣವ್ವಾ, ಆರತೈತಿ," ಎಂದಳು.

ಮರುದಿನ ನರ್ಸರಿಯಲ್ಲಿ ಅವಳ ಮನಸ್ಸು ನಿಲ್ಲಲಿಲ್ಲ. ತಲೆನೋವು ಎಂದು ಹೇಳಿ ನಡುವೆಯೇ ಎದ್ದು ಬಂದಳು. ಕಾಲು ಹಿಡಿದಾದರೂ ಕ್ಷಮೆ ಕೇಳಬೇಕು ಎಂದು ರಿಕ್ಷಾದಲ್ಲಿ ಮಾತು ಜೋಡಿಸಿಕೊಂಡಳು. ಮೆಟ್ಟಿಲ ಬಳಿ ಬಂದರೆ ಕೂಸಿನ ಅಳು ಇಲ್ಲ. ಅತ್ತೆ ಹೇಳದೆ ಹೊರಟೇ ಹೋದಳೇನೋ ಎಂದು ಓಡಿ ಹೋಗಿ ಬಾಗಿಲು ತೆರೆದಳು. ಅಡುಗೆಮನೆಯಿಂದ ಬೀರವ್ವನ ದನಿ ಕೇಳಿಸಿತು.

"ದೂದ. ಅನ್ನು, ರುತ್ತವ್ವ. ದೂ... ದ."

"ಹಾಲ!"

"ಛೀ! ಹಾಲ ಅನಬಾರದು. ಹಾಲ ಛೀ. ಮಂದಿ ನಿಮ್ಮವ್ವಗ ನಗತಾರ. ದೂದ ಅಂದ್ರ ಕೊಡ್ತೇನಿ."

ಛಾಯಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುದುಕಿ ಬಟ್ಟಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ಕೂಸು ಬಟ್ಟಲಿಗಾಗಿ ಅತ್ತ ಇತ್ತ ಬಗ್ಗಿ ನೋಡಿ, ಸೋತು, "ದೂ" ಎಂದಿತು. ಬೀರವ್ವ ಒಂದು ಗುಟುಕು ಕುಡಿಸಿ ಅದರ ನೆತ್ತಿ ಸವರಿದಳು. ಆಗ ಸೊಸೆಯನ್ನು ನೋಡಿದಳು.

"ಬಾರವ್ವಾ. ಕಲತಾಳ ನೋಡು, ಭಾರೀ ಚುರುಕ ಅದಾಳ. ಸಂಜೀಕ ಆ ಕಾಕೂನ ಮುಂದ ಒಮ್ಮೆ ಅನಸು, ಸುಮ್ಮ ಆಗ್ತಾರ ಅವರು. ಐತಾರ ನಾ ಹೋಗ್ತೇನಿ. ನಾ ಇದ್ರ ಬಾಯಾಗ ಮತ್ತ ಅದ ಬರ್ತೈತಿ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಛಾಯಾ ಬದುಕಿಕೊಳ್ಳುತ್ತಿದ್ದಳು. ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ನಾಚಿಕೆಯಿಂದ ಕಿವಿಯವರೆಗೂ ಸುಡುತ್ತಿತ್ತು.

"ತಪ್ಪಾತ್ರಿ ಅತ್ತಿ. ಹೋಗಬ್ಯಾಡ್ರಿ."

"ಅಳತಾರೇನ ಹುಚ್ಚಿ? ಮಂದ್ಯಾಗ ಬಾಳೇ ಮಾಡಾಕಿ ನೀನು. ನನಗೇನು, ನಾಕು ದಿನ ಇದ್ದು ಹೋಗಾಕಿ."

ಛಾಯಾ ಬಟ್ಟಲನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಹುಟ್ಟಿದಾಗಿನಿಂದ ಅದರೊಡನೆ ಒಂದು ಕನ್ನಡ ಶಬ್ದವನ್ನೂ ಆಡಿರಲಿಲ್ಲ. ನಾಲಿಗೆ ತೊದಲಿತು.

"ಹಾಲ ಅನ್ನವ್ವಾ, ಪುಟ್ಟಿ. ಇದು ಹಾಲ. ನಮ್ಮ ಹಾಲ. ಅನ್ನು, ಹಾಲ."

ಕೂಸು ಬಟ್ಟಲು ನೋಡಿತು, ತಾಯಿಯ ಒದ್ದೆ ಮುಖ ನೋಡಿತು. ಆಮೇಲೆ ಅಜ್ಜಿಯ ಕಡೆ ತಿರುಗಿ, ಈಗಷ್ಟೇ ಕಲಿತ ಪಾಠವನ್ನು ಒಪ್ಪಿಸುವ ಉತ್ಸಾಹದಲ್ಲಿ, ತಾಯಿಯ ಬಾಯಿಯ ಮೇಲೆ ಪುಟ್ಟ ಅಂಗೈ ಇಟ್ಟು ಒತ್ತಿ ಹಿಡಿಯಿತು.

"ಛೀ," ಎಂದಿತು.